ಚುಕ್ಕಾಣಿ ಇಲ್ಲದ ಹಾರಾಟ

ನಾಲ್ಕು ತೋಳುಗಳ ಡ್ರೋನ್, ಅಂದರೆ ಕ್ವಾಡ್‌ಕಾಪ್ಟರ್, ಕೈಗೆತ್ತಿಕೊಂಡು ಎಷ್ಟು ಹುಡುಕಿದರೂ ಅದರಲ್ಲಿ ಚುಕ್ಕಾಣಿ ಸಿಗುವುದಿಲ್ಲ. ಹೆಲಿಕಾಪ್ಟರಿನಲ್ಲಿ ರೆಕ್ಕೆಗಳ ಓರೆಯನ್ನು ಕ್ಷಣಕ್ಷಣಕ್ಕೂ ಬದಲಿಸುವ ಕೀಲುಗಳ ಜಾಲವಿರುತ್ತದೆ. ಇಲ್ಲಿ ಅದೂ ಇಲ್ಲ. ಪ್ರತಿ ತೋಳಿನ ತುದಿಗೊಂದು ಮೋಟರು, ಅದಕ್ಕೊಂದು ಓರೆ ಬದಲಾಗದ ಪ್ರೊಪೆಲರ್. ಮೋಟರುಗಳ ವೇಗ ಹೆಚ್ಚುಕಡಿಮೆ ಮಾಡಿಯೇ ಎಲ್ಲ ಚಲನೆಯೂ ನಡೆಯಬೇಕು.

ಪ್ರೊಪೆಲರ್ ಗಾಳಿಯನ್ನು ಕೆಳಕ್ಕೆ ತಳ್ಳಿದಾಗ ಡ್ರೋನಿಗೆ ಎತ್ತುಬಲ ಸಿಗುತ್ತದೆ. ತಿರುಗುವ ವೇಗ ಎರಡರಷ್ಟಾದರೆ ಈ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ಒಟ್ಟು ಬಲ ತೂಕಕ್ಕೆ ಸರಿಸಮವಾದಾಗ ಡ್ರೋನ್ ಇದ್ದಲ್ಲೇ ತೇಲುತ್ತದೆ. ಗದ್ದೆಗೆ ಔಷಧಿ ಹೊಡೆಯುವ ಡ್ರೋನಿನ 10 ಲೀಟರ್ ಟ್ಯಾಂಕು ಬರಿದಾಗುವಷ್ಟರಲ್ಲಿ ಹೆಚ್ಚುಕಡಿಮೆ 10 ಕಿಲೋ ಭಾರ ಇಳಿದಿರುತ್ತದೆ. ಅದಕ್ಕೆ ತಕ್ಕಂತೆ ಮೋಟರುಗಳು ನಿಧಾನವಾಗದಿದ್ದರೆ ಅದು ಪೈರಿನಿಂದ ಮೇಲೇರುತ್ತಲೇ ಹೋದೀತು.

ಮುಂದೆ ಸಾಗಲು ಹಿಂದಿನ ಎರಡು ಮೋಟರುಗಳು ಚುರುಕಾಗುತ್ತವೆ, ಮುಂದಿನವು ತಗ್ಗುತ್ತವೆ. ಮೂತಿ ಕೆಳಗಾಗಿ, ಎತ್ತುಬಲದ ಒಂದು ಪಾಲು ಮುಂದಕ್ಕೆ ಎಳೆಯುತ್ತದೆ. 30 ಡಿಗ್ರಿ ಬಾಗಿದರೆ ತೂಕ ಹೊರಲು ಉಳಿಯುವುದು ಶೇ. 87ರಷ್ಟು ಮಾತ್ರ, ಎತ್ತರ ಕಳೆದುಕೊಳ್ಳದಿರಲು ಒಟ್ಟು ಬಲವನ್ನು ಶೇ. 15ರಷ್ಟು ಏರಿಸಬೇಕು. ನಿಲ್ಲಬೇಕೆಂದರೆ ಹಿಂದಕ್ಕೆ ವಾಲಬೇಕು. ವಾಲದೆ ಅಡ್ಡಕ್ಕೆ ಸರಿಯುವ ದಾರಿಯೇ ಇದಕ್ಕಿಲ್ಲ. ಚಿತ್ರ ಅಲುಗದಿರಲು ಕ್ಯಾಮೆರಾಕ್ಕೆ ಬೇರೆಯದೇ ತೂಗುಚೌಕಟ್ಟು ಬೇಕಾಗುವುದು ಇದರಿಂದಲೇ.

ನಿಂತಲ್ಲೇ ತಿರುಗುವ ಉಪಾಯ ಇವೆಲ್ಲಕ್ಕಿಂತ ಸೊಗಸಾದದ್ದು. ರೆಕ್ಕೆ ಒಂದು ಕಡೆ ತಿರುಗಿದರೆ ಒಡಲು ಎದುರು ಕಡೆಗೆ ತಿರುಗಲು ನೋಡುತ್ತದೆ. ಹಾಗಾಗಿ ಒಂದು ಕರ್ಣದ ಮೇಲಿನ ಎರಡು ರೆಕ್ಕೆಗಳು ಪ್ರದಕ್ಷಿಣವಾಗಿ, ಇನ್ನೊಂದು ಕರ್ಣದವು ಅಪ್ರದಕ್ಷಿಣವಾಗಿ ಸುತ್ತಿ ಪರಸ್ಪರ ಸರಿದೂಗುತ್ತವೆ. ಅಪ್ರದಕ್ಷಿಣ ಜೋಡಿಗೆ ವೇಗ ಕೊಟ್ಟು ಇನ್ನೊಂದನ್ನು ಅಷ್ಟೇ ತಗ್ಗಿಸಿದರೆ ಎತ್ತರ ಬದಲಾಗದೆ ಒಡಲು ಬಲಕ್ಕೆ ತಿರುಗುತ್ತದೆ. ಈ ಎರಡು ಜೋಡಿಗಳ ರೆಕ್ಕೆಗಳಿಗೆ ಎಡಗೈ-ಬಲಗೈಗಳ ಹಾಗೆ ಕನ್ನಡಿ ಹೋಲಿಕೆ. ಅದಲುಬದಲಾಗಿ ಸಿಕ್ಕಿಸಿದ ರೆಕ್ಕೆ ಗಾಳಿಯನ್ನು ಮೇಲಕ್ಕೆ ತಳ್ಳಿ, ಡ್ರೋನ್ ನೆಲದಲ್ಲೇ ಮಗುಚಿಕೊಳ್ಳುತ್ತದೆ.

1922ರಲ್ಲಿ ಅಮೆರಿಕದ ಸೇನೆಗಾಗಿ ಜಾರ್ಜ್ ಡಿ ಬೋಥೆಜಾಟ್ ನಾಲ್ಕು ತೋಳಿನ ಯಂತ್ರವೊಂದನ್ನು ಹಾರಿಸಿದ್ದರು. ಅದು ಮೇಲೇರಿತು, ಆದರೆ ಅದನ್ನು ಅಂಕೆಯಲ್ಲಿಡುವುದು ಚಾಲಕನಿಗೆ ತೀರ ಕಷ್ಟವಾಗಿತ್ತು. ಆ ದುಡಿಮೆ ಈಗ ಚಿಪ್ಪಿನ ಪಾಲಿಗೆ ಬಂದಿದೆ. ಗಾಳಿಯ ಹೊಡೆತಕ್ಕೆ ಎಡತೋಳು ಮೇಲೆದ್ದಿತೆನ್ನಿ: ಗೈರೋಸ್ಕೋಪ್ ಆ ತಿರುಗುವಿಕೆಯನ್ನು ಹಿಡಿಯುತ್ತದೆ, ಆಕ್ಸಿಲರೋಮೀಟರ್ ನೆಲದ ದಿಕ್ಕನ್ನು ನೆನಪಿಸುತ್ತದೆ, ಬಲಗಡೆಯ ಮೋಟರುಗಳಿಗೆ ಒಡನೆಯೇ ಹೆಚ್ಚು ವೇಗದ ಆದೇಶ ಹೋಗುತ್ತದೆ. ಅಳೆದು ತಿದ್ದುವ ಈ ಕೆಲಸ ಸೆಕೆಂಡಿಗೆ ನೂರಾರು ಸಲ ನಡೆಯುತ್ತದೆ. ರಿಮೋಟ್ ಹಿಡಿದವರು ಎಷ್ಟು ವಾಲಬೇಕೆಂದಷ್ಟೇ ಹೇಳುತ್ತಾರೆ. ಯಾವ ಮೋಟರಿಗೆ ಎಷ್ಟು ವೇಗವೆಂಬ ಲೆಕ್ಕ ಯಂತ್ರದ್ದೇ.

ಈ ವಿಧಾನ ಸಣ್ಣ ಯಂತ್ರಕ್ಕೆ ಒಗ್ಗುತ್ತದೆ. ರೆಕ್ಕೆ ದೊಡ್ಡದಾದಂತೆ ಅದರ ಜಡತ್ವ ಏರಿ, ವೇಗವನ್ನು ಥಟ್ಟನೆ ಬದಲಿಸುವುದು ದುಸ್ತರ. ಭಾರ ಹೊರುವ ಡ್ರೋನುಗಳಲ್ಲಿ ಆರು ಅಥವಾ ಎಂಟು ಮೋಟರುಗಳನ್ನು ಹಂಚಿಡುವುದಕ್ಕೆ ಇದೂ ಒಂದು ಕಾರಣ. ಅವುಗಳಲ್ಲಿ ಒಂದು ಕೆಟ್ಟರೆ ಉಳಿದವು ಭಾರ ಹಂಚಿಕೊಳ್ಳಬಲ್ಲವು. ನಾಲ್ಕರಲ್ಲಿ ಒಂದು ಕೆಟ್ಟರೆ ದಿಕ್ಕಿನ ಹಿಡಿತ ಹೋಗುತ್ತದೆ. ಆಗಲೂ, ಅದಕ್ಕೆಂದೇ ಬರೆದ ತಂತ್ರಾಂಶವಿದ್ದರೆ, ಉಳಿದ ಮೂರರ ಬಲದಿಂದ ಬುಗುರಿಯಂತೆ ಸುತ್ತುತ್ತಲೇ ಅದು ನೆಲಕ್ಕಿಳಿಯಬಲ್ಲದು.