ಕೊಟ್ಟೂರನ್ನ ಉರ್ದುವಿನಲ್ಲಿ ಟೈಪ್ ಮಾಡಿದರೆ

ಕೊಟ್ಟೂರು. ಈ ಊರ ಹೆಸರನ್ನ ಉರ್ದುವಿನಲ್ಲಿ ಟೈಪ್ ಮಾಡೋಣ. ಕಾಫ್, ವಾವ್, ಟೆ, ವಾವ್, ರೆ. ಒತ್ತಿದ್ದು ಐದು ಅಕ್ಷರ, ಪರದೆ ಮೇಲೆ ಕಾಣೋದು ಮೂರೇ ತುಂಡು. ಯಾಕಂದ್ರೆ ವಾವ್ ತನ್ನ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತೆ, ಮುಂದಿನದಕ್ಕೆ ಅಂಟಲ್ಲ.

ಕಂಪ್ಯೂಟರ್ ಈ ಆಕಾರಗಳನ್ನ ಉಳಿಸಿಕೊಳ್ಳಲ್ಲ. ಯೂನಿಕೋಡ್‌ನಲ್ಲಿ ಇರೋದು ಅಕ್ಷರಗಳ ಸಂಖ್ಯೆ, ನಾವು ಓದುವ ಕ್ರಮದಲ್ಲೇ. ಬಲದಿಂದ ಎಡಕ್ಕೆ ಜೋಡಿಸೋದು, ಅಕ್ಷರ ಮೊದಲಿದೆಯೋ ನಡುವೆಯೋ ಕೊನೆಗೋ ಅಂತ ನೋಡಿ ರೂಪ ಕೊಡೋದು, ಎಲ್ಲಾ ಆಮೇಲಿನ ಕೆಲಸ. ನಮ್ಮ 'ಟ್ಟೂ' ಕೂಡ ಹೀಗೇ! ಒಳಗಿರೋದು ಟ, ಹಲಂತ, ಟ, ಊಕಾರ. ಒತ್ತು ಬರೆಯೋದು ಫಾಂಟು.

ಉರ್ದು ಲಿಪಿಗೆ ಮೂಲ ಅರಬ್ಬಿ ಲಿಪಿ, ಆದರೆ ಅರಬ್ಬಿ ಭಾಷೆಯಲ್ಲಿ 'ಟ' ಇಲ್ಲ. ಉರ್ದು ಬರೆಯೋರು 'ತೆ' ಅಕ್ಷರದ ಚುಕ್ಕಿ ತೆಗೆದು, ಅಲ್ಲಿ ಪುಟ್ಟ 'ತೋಯ್' ಅಕ್ಷರ ಕೂರಿಸಿದರು. ಕೂಡ್ಲಿಗಿಯ 'ಡ'ಗೂ ಇದೇ ಉಪಾಯ. ಎಷ್ಟು ಚೆಂದದ ಯೋಚನೆ ನೋಡಿ.

ಉರ್ದುವಿನ ನಸ್ತಾಲಿಕ್ ಶೈಲಿಯಲ್ಲಂತೂ ಪದ ಓರೆಯಾಗಿ ಕೆಳಗಿಳಿಯುತ್ತೆ. 1981ರ ನೂರಿ ನಸ್ತಾಲಿಕ್ ಫಾಂಟಿಗಾಗಿ ಸಾವಿರಾರು ಜೋಡಿರೂಪಗಳನ್ನ ಕೈಯಲ್ಲೇ ಬರೆದಿಟ್ಟಿದ್ದರು.

ನಿಜವಾದ ತೊಡಕು ಹರಪನಹಳ್ಳಿ ಅನ್ನೋ ಹೆಸರಲ್ಲಿದೆ. ಉರ್ದುವಿನಲ್ಲಿ ಹ್ರಸ್ವ ಸ್ವರಗಳನ್ನ ಸಾಮಾನ್ಯವಾಗಿ ಬರೆಯಲ್ಲ, 'ಳ'ಗೆ ಅಕ್ಷರವೇ ಇಲ್ಲ. ಹ್, ರ್, ಪ್, ನ್, ಹ್, ಲ್, ಈ. ಯಂತ್ರಕ್ಕೆ ಸಿಗೋದು ಇಷ್ಟೇ. ಇದನ್ನ ಮತ್ತೆ ಕನ್ನಡಕ್ಕೆ ತರಬೇಕಾದರೆ ಲಿಪಿಯೊಂದೇ ಸಾಲದು, ಊರ ಹೆಸರುಗಳ ಪಟ್ಟಿಯೂ ಬೇಕು. ಹಡಗಲಿಯ 'ಲ', ಹಗರಿಬೊಮ್ಮನಹಳ್ಳಿಯ 'ಳ', ಎರಡಕ್ಕೂ ಉರ್ದುವಿನಲ್ಲಿರೋದು ಒಂದೇ ಅಕ್ಷರ, ಲಾಮ್.