ಕೋಣದ ಮೂತಿ ಹಿಡಿದ ಕೈ

ಮಹಾನವಮಿ ಅಮಾವಾಸ್ಯೆ ಮುಗಿದು ಘಟ ಹಾಕಿದರೆಂದರೆ ಗದಗ–ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸುತ್ತಲಿನ ಹಳ್ಳಿಗಳಲ್ಲಿ ದೇವಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯವನ್ನು ರಾಗ ಎಳೆದು ಓದುತ್ತಾರೆ, ಪಕ್ಕದಲ್ಲಿ ಕುಳಿತವರು ಅರ್ಥ ಬಿಡಿಸಿ ಹೇಳುತ್ತಾರೆ. ಹೊಲದ ಕೆಲಸ ಮುಗಿಸಿ, ಊಟ ಮಾಡಿ ಬಂದ ಜನ ಗುಡಿಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಾರೆ. ಓದುವುದು ಚಿದಾನಂದ ಅವಧೂತರ ಕೃತಿ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಸಿದ್ಧಪರ್ವತದಲ್ಲಿ ನೆಲೆಸಿದ್ದ ಈ ಅವಧೂತರು ದೇವಿಯ ಕತೆಯನ್ನು ಭಾಮಿನಿ ಷಟ್ಪದಿಗೆ ತಂದರು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾರತದ ಯುದ್ಧವನ್ನು ಹಾಡಿದ ಛಂದಸ್ಸೂ ಅದೇ. ಹಾಗಾಗಿ ಈ ಭಾಗದ ಕಿವಿಗಳಿಗೆ ಕುರುಕ್ಷೇತ್ರವೂ ಮಹಿಷನ ಕಾಳಗವೂ ಒಂದೇ ನಡೆಯಲ್ಲಿ ಕೇಳಿಸುತ್ತವೆ.

ಇಷ್ಟು ವರ್ಷ ಕಿವಿಯಿಂದ ಕೇಳಿದ ಆ ಕಾಳಗವನ್ನು ಕಣ್ಣಿನಿಂದ ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಗದಗದಿಂದ ರೋಣದ ದಾರಿ ಹಿಡಿದು, ಬಾದಾಮಿ, ಪಟ್ಟದಕಲ್ಲು ದಾಟಿದರೆ ಐಹೊಳೆ. ಅಲ್ಲಿಯ ದುರ್ಗ ಗುಡಿಯ ಉತ್ತರದ ಗೋಡೆಯಲ್ಲಿ ಒಂದು ಗೂಡಿದೆ. ಅದರೊಳಗಿನ ಮಹಿಷಮರ್ದಿನಿಯ ಮುಂದೆ ಜನ ಅರ್ಧ ನಿಮಿಷ ನಿಂತು, ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಅದು ಅರ್ಧ ಗಂಟೆ ಬೇಡುವ ಶಿಲ್ಪ.

ಮೊದಲು ಗುಡಿಯ ಬಗ್ಗೆ ಎರಡು ಮಾತು. ಇದು ದುರ್ಗಾದೇವಿಯ ಗುಡಿಯಲ್ಲ. ಕೋಟೆಗೆ ಹೊಂದಿಕೊಂಡಿದ್ದರಿಂದ ಬಂದ ಹೆಸರು ದುರ್ಗ. ಕಟ್ಟಿಸಿದ್ದು ಸೂರ್ಯನಿಗೆ. ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗಿರುವ ಗಜಪೃಷ್ಠಾಕಾರದ ಈ ಕಟ್ಟಡವನ್ನು ಕಂಡ 19ನೇ ಶತಮಾನದ ಬ್ರಿಟಿಷ್ ವಿದ್ವಾಂಸರು ಬೌದ್ಧ ಚೈತ್ಯದ ಜಾಡಿನಲ್ಲಿ ಯೋಚಿಸಿದ್ದೂ ಉಂಟು. ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ಸುಮಾರು 8ನೇ ಶತಮಾನದ ಆರಂಭದ್ದು. ಗುಡಿಯ ಸುತ್ತ ಕಂಬಗಳ ಸಾಲಿನ ಪ್ರದಕ್ಷಿಣಾ ಪಥವಿದೆ. ಎಡದಿಂದ ಸುತ್ತುತ್ತ ಹೋದರೆ ಒಳಗೋಡೆಯ ಗೂಡುಗಳಲ್ಲಿ ನಂದಿಗೆ ಒರಗಿದ ಶಿವ, ನರಸಿಂಹ, ಗರುಡನ ಮೇಲಿನ ವಿಷ್ಣು, ಭೂದೇವಿಯನ್ನು ಎತ್ತಿದ ವರಾಹ, ಆಮೇಲೆ ದೇವಿ, ಕೊನೆಗೆ ಹರಿಹರ. ಉಳಿದ ಗೂಡುಗಳಲ್ಲಿ ದೇವರು ದರ್ಶನ ಕೊಡುತ್ತಾರೆ. ದೇವಿಯ ಗೂಡಿನಲ್ಲಿ ಕೆಲಸ ಇನ್ನೂ ನಡೆದಿದೆ.

ನೋಡುವುದನ್ನು ಕೆಳಗಿನಿಂದ, ಕೋಣನಿಂದ ಶುರು ಮಾಡಿ. ಇಲ್ಲಿ ಮಹಿಷ ಪೂರ್ತಿ ಪ್ರಾಣಿ. ಮನುಷ್ಯನ ಮೈಗೆ ಕೋಣನ ತಲೆ ಅಂಟಿಸಿದ ಅಸುರನಲ್ಲ. ಕೊಂಬು, ಕೊರಳು, ದಪ್ಪ ಮೈ ಎಲ್ಲವೂ ಎಮ್ಮೆ–ಕೋಣ ಕಂಡು ಗೊತ್ತಿದ್ದ ಕೈ ಕಡೆದದ್ದು. ದೇವಿಯ ಒಂದು ಕೈ ಆ ಪ್ರಾಣಿಯ ಮೂತಿಯನ್ನು ಅದುಮಿ ಹಿಡಿದು ತಲೆಯನ್ನು ಮೇಲಕ್ಕೆ ತಿರುವಿದೆ, ತ್ರಿಶೂಲ ಕೊರಳಿಗೆ ಇಳಿದಿದೆ. ದನ ಕಟ್ಟಿದ ಮನೆಯವರಿಗೆ ಈ ಹಿಡಿತ ಹೊಸದಲ್ಲ. ಎಮ್ಮೆಗೆ ಗೊಟ್ಟದಲ್ಲಿ ಔಷಧ ಹಾಕುವಾಗ ಮೂತಿ ಎತ್ತಿ, ಕೊರಳು ತಿರುವಿ ಹಿಡಿಯುತ್ತಾರಲ್ಲ, ಅದೇ ಪಟ್ಟು. ತಲೆ ಅಷ್ಟು ತಿರುಗಿತೆಂದರೆ ಎಂಥ ಪ್ರಾಣಿಯ ಬಲವೂ ಕಾಲಿಗೆ ಬರುವುದಿಲ್ಲ. ಶಿಲ್ಪಿ ಕಾಳಗದ ಅಬ್ಬರವನ್ನೆಲ್ಲ ಬದಿಗಿಟ್ಟು ಈ ಒಂದು ಹಿಡಿತವನ್ನು ನೆಚ್ಚಿಕೊಂಡಿದ್ದಾನೆ.

ಅಲ್ಲಿಂದ ಕಣ್ಣು ಮೇಲೆ ಹೋಗಲಿ. ದೇವಿಗೆ ಎಂಟು ಕೈ. ಖಡ್ಗ, ಚಕ್ರ, ಶಂಖ, ಗುರಾಣಿ ಹಿಡಿದ ಕೈಗಳು ಎರಡೂ ಕಡೆ ಹರಡಿವೆ. ಮೈ ಮೂರು ಕಡೆ ಬಾಗಿದೆ. ಬೆನ್ನ ಹಿಂದೆ ಸಿಂಹ ಬಾಯಿ ತೆರೆದು ಮುಖ ಎತ್ತಿದೆ. ಸಿಂಹ ಗರ್ಜಿಸುತ್ತಿದೆ, ಕೋಣ ಒದ್ದಾಡುತ್ತಿದೆ, ನಡುವೆ ಇರುವ ಮುಖದಲ್ಲಿ ಮಾತ್ರ ಸಿಟ್ಟಿನ ಗೆರೆಯಿಲ್ಲ. ಹುಬ್ಬು ಗಂಟಿಕ್ಕಿಲ್ಲ, ತುಟಿ ಬಿಗಿದಿಲ್ಲ. ಇದನ್ನು ದೈವೀ ಶಾಂತಿ ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ಕೆಲಸದಲ್ಲಿ ಮುಳುಗಿದವರ ಮುಖದಂತೆ ಕಾಣುತ್ತದೆ. ಆಯುಧ ಹಿಡಿದ ಅಷ್ಟು ಕೈಗಳು ಸುತ್ತ ಇದ್ದರೂ ಆಕೆಯ ಪೂರ್ತಿ ಗಮನ ಇರುವುದು ಮೂತಿ ಹಿಡಿದ ಆ ಬರಿಗೈ ಮೇಲೆ.

ಪುರಾಣಕ್ಕೂ ಕಲ್ಲಿಗೂ ಇರುವ ದೊಡ್ಡ ಅಂತರ ಇಲ್ಲಿ ತಿಳಿಯುತ್ತದೆ. ದೇವಿ ಪುರಾಣದ ಸಂಸ್ಕೃತ ಮೂಲವಾದ ದೇವೀಮಾಹಾತ್ಮ್ಯದ ಮೂರನೆಯ ಅಧ್ಯಾಯದಲ್ಲಿ ಮಹಿಷ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಪಾಶ ಬಿಗಿದರೆ ಸಿಂಹವಾಗುತ್ತಾನೆ, ಸಿಂಹದ ತಲೆ ಕಡಿದರೆ ಕತ್ತಿ ಹಿಡಿದ ಪುರುಷನಾಗುತ್ತಾನೆ, ಆಮೇಲೆ ಆನೆ, ಸೊಂಡಿಲು ತುಂಡಾದ ಮೇಲೆ ಮತ್ತೆ ಕೋಣ. ದೇವಿ ಮಧುಪಾನ ಮಾಡಿ ನಗುತ್ತಾಳೆ, ಹಾರಿ ಅವನ ಮೇಲೆ ಕಾಲಿಡುತ್ತಾಳೆ, ಶೂಲದಿಂದ ತಿವಿಯುತ್ತಾಳೆ. ಅಸುರ ಅರ್ಧ ಹೊರಗೆ ಬಂದಾಗ ತಲೆ ಕಡಿಯುತ್ತಾಳೆ. ಪುರಾಣಿಕರಿಗೆ ಇದನ್ನೆಲ್ಲ ಹೇಳಲು ರಾತ್ರಿಗಳು ಸಾಲಾಗಿ ಇವೆ. ಶಿಲ್ಪಿಗೆ ಇರುವುದು ಒಂದು ಕ್ಷಣ. ಯಾವುದನ್ನು ಆರಿಸಿಕೊಂಡ ಎಂಬುದರಲ್ಲೇ ಅವನು ಕತೆಯನ್ನು ಹೇಗೆ ತಿಳಿದುಕೊಂಡಿದ್ದ ಎಂಬುದು ಗೊತ್ತಾಗುತ್ತದೆ.

ಬಾದಾಮಿಯ ಒಂದನೆಯ ಗುಹೆಯನ್ನು ನೋಡಿ. ಹದಿನೆಂಟು ಕೈಗಳ ನಟರಾಜನನ್ನು ಎಲ್ಲರೂ ನೋಡುತ್ತಾರೆ, ಅವನ ಪಕ್ಕದಲ್ಲೇ ಇರುವ ಮಹಿಷಮರ್ದಿನಿ ಅನೇಕರಿಗೆ ತಪ್ಪಿಹೋಗುತ್ತಾಳೆ. 6ನೇ ಶತಮಾನದ ಈ ದೇವಿಗೆ ನಾಲ್ಕೇ ಕೈ. ಆಕೆ ಕೋಣನ ಬಾಲ ಹಿಡಿದು ಹಿಂಭಾಗವನ್ನು ಮೇಲೆತ್ತಿ ಶೂಲ ಇರಿದಿದ್ದಾಳೆ. ಅಲ್ಲಿ ಕಾಳಗ ಆಗಲೇ ಮುಗಿದಂತಿದೆ, ಅಸುರ ಕೈಯಲ್ಲಿ ಹಿಡಿದ ವಸ್ತು. ಐಹೊಳೆಯ ಕೋಣನಿಗೆ ತೂಕವಿದೆ, ಎದುರು ಬಲವಿದೆ. ಅದನ್ನು ಅದುಮಲು ದೇವಿಗೂ ಮೈ ಬಳಸಬೇಕಾಗಿದೆ. ಒಂದೂವರೆ ಶತಮಾನದೊಳಗೆ, ಒಂದೇ ಮಲಪ್ರಭೆಯ ಸೀಮೆಯಲ್ಲಿ, ಕತೆ ಇಷ್ಟು ಬದಲಾಯಿತು.

ಇದೇ ಹೊತ್ತಿನಲ್ಲಿ ಚಾಲುಕ್ಯರ ಹಗೆಗಳಾದ ಪಲ್ಲವರು ಮಹಾಬಲಿಪುರದ ಬಂಡೆಯ ಗುಹೆಯೊಂದರಲ್ಲಿ ಇನ್ನೊಂದು ಬಗೆಯ ಯುದ್ಧ ಕಡೆಸಿದ್ದರು. ಅಲ್ಲಿ ದೇವಿ ಸಿಂಹವೇರಿ ಬಿಲ್ಲಿನ ಹೆದೆ ಎಳೆದಿದ್ದಾಳೆ, ಸುತ್ತ ಗಿಡ್ಡ ಗಣಗಳ ದಂಡು. ಎದುರಿಗೆ ಕೋಣನ ತಲೆಯ, ಮನುಷ್ಯನ ಮೈಯ ಮಹಿಷ ಗದೆ ಹಿಡಿದು ಹಿಂದಕ್ಕೆ ವಾಲಿದ್ದಾನೆ, ಬಿದ್ದಿಲ್ಲ. ಆ ಗುಹೆಯ ಎದುರು ಗೋಡೆಯಲ್ಲಿ ಶೇಷನ ಮೇಲೆ ಮಲಗಿದ ವಿಷ್ಣು, ಅವನ ಕಾಲ ಕಡೆ ಮಧು–ಕೈಟಭರು. ದೇವಿ ಪುರಾಣದ ಮೊದಲ ಕಾಳಗ ಒಂದು ಗೋಡೆಗೆ, ಎರಡನೆಯದು ಇನ್ನೊಂದಕ್ಕೆ. ಗಾತ್ರದಲ್ಲಿ, ಜನಸಂದಣಿಯಲ್ಲಿ ಅದು ದೊಡ್ಡ ಕೃತಿ. ಆದರೆ ಎರಡು ಮೈಗಳು ಒಂದಕ್ಕೊಂದು ತಗುಲಿ ಸೆಣಸುವ ಬಿಸಿಗೆ ನಾನು ಐಹೊಳೆಗೇ ಬರುತ್ತೇನೆ. ಪಲ್ಲವರು 642ರಲ್ಲಿ ವಾತಾಪಿಯನ್ನು, ಅಂದರೆ ಬಾದಾಮಿಯನ್ನು, ಹಿಡಿದರು. ಮುಂದೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು, ಗುಡಿಯ ಸಂಪತ್ತನ್ನು ಗುಡಿಗೇ ಹಿಂದಿರುಗಿಸಿ, ಅಲ್ಲಿಯ ಕೈಲಾಸನಾಥನಲ್ಲಿ ಕನ್ನಡ ಶಾಸನ ಹಾಕಿಸಿದ. ಹೀಗೆ ಕಾದಾಡಿದ ಎರಡು ಮನೆತನಗಳ ಶಿಲ್ಪಿಗಳು ಒಂದೇ ದೇವಿಯ ಒಂದೇ ಕಾಳಗವನ್ನು ಕಡೆದಿದ್ದಾರೆ ಎಂಬುದು ಆ ಗೂಡಿನ ಮುಂದೆ ನಿಂತಾಗ ನೆನಪಿನಲ್ಲಿ ಇರಬೇಕಾದ ಸಂಗತಿ.

ಹಾಗಿದ್ದರೆ ನಮ್ಮ ಲಕ್ಕುಂಡಿ, ಡಂಬಳದಲ್ಲಿ ಇಂಥ ಮೈತುಂಬಿದ ಕಾಳಗ ಏಕೆ ಕಣ್ಣಿಗೆ ಹೊಡೆಯುವುದಿಲ್ಲ ಎಂದು ಕೇಳಬಹುದು. ಕಾರಣದ ಒಂದು ಪಾಲು ಕಲ್ಲಿನಲ್ಲಿದೆ. ಐಹೊಳೆಯದು ಕೆಂಪು ಮರಳುಗಲ್ಲು. ಹರಳು ದಪ್ಪ, ಸಣ್ಣ ಕೆಲಸಕ್ಕೆ ಒಗ್ಗುವುದು ಕಡಿಮೆ. ಶಿಲ್ಪಿ ದೊಡ್ಡ ಉಬ್ಬು, ದೊಡ್ಡ ಬಾಗುಗಳಲ್ಲೇ ಹೇಳಬೇಕಾದದ್ದನ್ನು ಹೇಳಬೇಕು. 11ನೇ ಶತಮಾನದ ಹೊತ್ತಿಗೆ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಅಣ್ಣಿಗೇರಿಯ ಅಮೃತೇಶ್ವರದಿಂದ ಮೊದಲುಗೊಂಡು ಬಳಪದ ಕಲ್ಲಿಗೆ ಹೊರಳಿದರು. ಆ ಕಲ್ಲು ಉಳಿಗೆ ಬೆಣ್ಣೆ. ಲಕ್ಕುಂಡಿಯ ಕಾಶಿವಿಶ್ವೇಶ್ವರನ ಬಾಗಿಲವಾಡ, ಡಂಬಳದ ದೊಡ್ಡಬಸಪ್ಪ ಗುಡಿಯ 24 ಮೂಲೆಗಳ ಗೋಡೆ ಅದರಿಂದ ಹುಟ್ಟಿದ ಸೊಬಗು. ಅವನ್ನು ನೋಡುತ್ತ ಬೆಳೆದವನಾಗಿ ಆ ಬಳ್ಳಿಗೆಲಸದ ಬಗ್ಗೆ ನನಗೆ ಅಭಿಮಾನವಿದೆ. ಆದರೂ ಅಲ್ಲಿ ಕಣ್ಣು ಆಭರಣದಿಂದ ಆಭರಣಕ್ಕೆ ಜಾರುತ್ತದೆ. ಐಹೊಳೆಯಲ್ಲಿ ಅದು ಒಂದೇ ಕಡೆ ಸಿಕ್ಕಿಬೀಳುತ್ತದೆ.

ನಮ್ಮ ಊರುಗಳ ದ್ಯಾಮವ್ವ, ದುರ್ಗವ್ವರ ಕಟ್ಟಿಗೆಯ ಮೂರ್ತಿಗಳನ್ನೂ ಐಹೊಳೆಯ ಶಿಲ್ಪದ ಜೊತೆ ಇಟ್ಟು ನೋಡಬೇಕು. ಬಣ್ಣ ಬಳಿದ ಮುಖ, ಅಗಲಿಸಿದ ಕಣ್ಣು, ಹಲವು ಕೈ, ಕಾಲ ಕೆಳಗೆ ಅಸುರ. ಜಾತ್ರೆಗಳಲ್ಲಿ ಕೋಣ ಬಲಿ ಕೊಡುತ್ತಿದ್ದ ಕಾಲವೂ ಇತ್ತು, 1959ರ ಕಾಯ್ದೆ ಅದನ್ನು ನಿಷೇಧಿಸಿತು. ಆ ಮೂರ್ತಿಗಳ ಕಣ್ಣು ನಮ್ಮನ್ನು ನೋಡುತ್ತದೆ, ಐಹೊಳೆಯವಳು ತನ್ನ ಕೆಲಸ ನೋಡುತ್ತಾಳೆ. ಎರಡೂ ನಮ್ಮವೇ.

ಪುರಾಣ ನಡೆಸುವ ಗುಡಿಯ ಕಮಿಟಿಗಳಿಗೆ ನನ್ನದೊಂದು ಬಿನ್ನಹ. ಪುರಾಣ ಮಂಗಲವಾಗಿ, ಬನ್ನಿ ಕೊಟ್ಟು ಮುಗಿದ ವಾರದಲ್ಲಿ ಕೇಳುಗರನ್ನು ಒಂದು ಗಾಡಿ ಮಾಡಿ ಕರೆದುಕೊಂಡು ಹೋಗಿ. ಅರ್ಥ ಹೇಳಿದವರೂ ಜೊತೆಗಿರಲಿ. ಮೊದಲು ಬಾದಾಮಿಯ ಗುಹೆ, ಕೊನೆಗೆ ಐಹೊಳೆ. ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದು ಕಡಿಮೆ. ಮೊಬೈಲಿನ ಬ್ಯಾಟರಿ ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ ಹಿಡಿದರೆ ಕೋಣನ ಕೊರಳಿನ ತಿರುವು ಎದ್ದು ಕಾಣುತ್ತದೆ. ದಾರಿಯಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷನಲ್ಲೂ ಇಳಿಯಿರಿ. ಕಂಚಿ ಗೆದ್ದ ವಿಕ್ರಮಾದಿತ್ಯನ ಗೆಲುವಿನ ನೆನಪಿಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಗರ್ಭಗುಡಿಯ ಮುಂದಿನ ಚಿಕ್ಕ ಗುಡಿಯಲ್ಲಿ ಮಹಿಷಮರ್ದಿನಿ ಇದ್ದಾಳೆ. ಅಲ್ಲಿಯ ಶಿಲ್ಪಿ ಕಾಳಗದ ಯಾವ ಕ್ಷಣವನ್ನು ಆರಿಸಿಕೊಂಡಿದ್ದಾನೆ ಎಂದು ಪುರಾಣ ಕೇಳಿದ ಮಕ್ಕಳನ್ನೇ ಕೇಳಿ.