ಕಾಯುವ ಸಂಗೀತ

ಕುಣಿಗಲ್ ಕೆರೆಯನ್ನು ಕಣ್ಣಾರೆ ಕಂಡವರಿಗಿಂತ ಕಿವಿಯಾರೆ ಕೇಳಿದವರೇ ಹೆಚ್ಚು. ಆ ಕೆರೆಯ ಮೇಲಿನ ಜನಪದ ಹಾಡು ಕನ್ನಡನಾಡಿನ ಮೂಲೆಮೂಲೆ ಮುಟ್ಟಿದೆ. ಬೀದರಿನಲ್ಲೋ ಕುಂದಾಪುರದಲ್ಲೋ ಹುಟ್ಟಿ, ಕುಣಿಗಲ್ಲಿನ ಕಡೆ ಒಮ್ಮೆಯೂ ತಲೆ ಹಾಕದವರು ಕೂಡ ಹಾಡು ಕೇಳಿಬಂದರೆ ಸಾಕು, ಒಂದು ಏರಿಯ ಮೇಲೆ ಹೋಗಿ ನಿಲ್ಲುತ್ತಾರೆ. ತುಮಕೂರಿನ ಮರಳೂರಿನಲ್ಲಿರುವ ನಮಗೆ ಆ ಕೆರೆ ದೂರದ್ದೇನಲ್ಲ. ಆದರೂ ನಾನು ಅದನ್ನು ಮೊದಲು ಕಂಡದ್ದು ಹಾಡಿನಲ್ಲೇ. ಎಷ್ಟೋ ವರ್ಷದ ಮೇಲೆ ನಿಜವಾದ ಏರಿಯ ಮೇಲೆ ನಿಂತಾಗ ಹೊಸ ಜಾಗಕ್ಕೆ ಬಂದೆ ಅನ್ನಿಸಲಿಲ್ಲ, ಬಿಟ್ಟುಹೋದ ಜಾಗಕ್ಕೆ ಮರಳಿದ ಹಾಗಿತ್ತು.

ಈ ಅನುಭವ ಮತ್ತೆ ಎದುರಾದದ್ದು ನಮ್ಮ ಮನೆಯ ನಡುಮನೆಯಲ್ಲಿ, ಒಂದು ವಿಡಿಯೊ ಗೇಮಿನಿಂದ. ತಂಗಿಯ ಮಗ ರಜೆಗೆ ಬಂದಾಗ ಟಿವಿಗೆ ಗೇಮಿನ ಪೆಟ್ಟಿಗೆ ಜೋಡಿಸಿಕೊಂಡು ಕೂರುತ್ತಾನೆ. ನಾನು ಒಳಕೋಣೆಯಲ್ಲಿ ಓದುತ್ತಿರುತ್ತೇನೆ. ನಾಲ್ಕು ದಿನ ಕಳೆಯುವುದರೊಳಗೆ ನನಗೇ ತಿಳಿಯದಂತೆ ಆ ಆಟದ ಊರು, ಕಾಡು, ಗುಹೆಗಳ ಗುರುತು ಕಿವಿಗೆ ಹತ್ತಿತ್ತು. ಒಂದು ಸಂಜೆ ಕೂತಲ್ಲಿಂದಲೇ "ಮತ್ತೆ ಆ ಕಣಿವೆಗೆ ಬಂದೆಯೇನೋ?" ಅಂದೆ. "ನೋಡದೇನೇ ಹೇಗೆ ಗೊತ್ತಾಯ್ತು ಮಾವ?" ಎಂದು ಅವನು ಎದ್ದು ಬಂದ. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನ್ನ ಮುಂದೆ ತೆರೆದುಕೊಂಡದ್ದು ಬಹಳ ಸೂಕ್ಷ್ಮವಾದ ಒಂದು ಕಸುಬು.

ಸಿನಿಮಾಕ್ಕೆ ಸಂಗೀತ ಮಾಡುವವರಿಗೆ ಒಂದು ನೆಮ್ಮದಿ ಇದೆ. ನಾಯಕ ಬಾಗಿಲು ತೆರೆಯುವುದು ಎಷ್ಟನೆಯ ಸೆಕೆಂಡಿನಲ್ಲಿ ಎಂಬುದು ಅವರಿಗೆ ಗೊತ್ತು. ಗೇಮಿನಲ್ಲಿ ಬಾಗಿಲು ತೆರೆಯುವವನು ಆಡುವ ಹುಡುಗ. ಅವನು ಓಡಿಬಂದು ತೆರೆಯಬಹುದು, ಬಾಗಿಲ ಮುಂದೆ ಹತ್ತು ನಿಮಿಷ ನಿಂತು ಮಳೆ ನೋಡಬಹುದು, ಅರ್ಧ ತೆರೆದು ಹಿಂತಿರುಗಬಹುದು. ಸಂಗೀತ ಅವನಿಗಾಗಿ ಕಾಯಬೇಕು. ಕಾಯುತ್ತಿರುವುದು ಅವನಿಗೆ ಗೊತ್ತಾಗಲೂಬಾರದು. ಈ ಕಸುಬಿನ ಜಾಣ್ಮೆಯೆಲ್ಲ ಈ ಕಾಯುವಿಕೆಯಿಂದಲೇ ಹುಟ್ಟಿದ್ದು.

ನಮ್ಮ ಸೀಮೆಗೆ ಇದು ತೀರ ಹೊಸದೂ ಅಲ್ಲ. ಮೂಡಲಪಾಯ ಯಕ್ಷಗಾನದಲ್ಲಿ ವೇಷಧಾರಿಯ ಕುಣಿತ ಮುಗಿಯುವವರೆಗೆ ಭಾಗವತರು ಪದವನ್ನು ತಿರುತಿರುಗಿಸಿ ಹಾಡುತ್ತಾರೆ, ಮದ್ದಲೆ ಅವನ ಹೆಜ್ಜೆಯನ್ನೇ ನೋಡುತ್ತಿರುತ್ತದೆ. ಪಕ್ಕದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲಕ್ಕೆ ನಾಡಿಗೆಲ್ಲ ಹೆಸರಾಯಿತು. ಅವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ಆನೆ, ಕುದುರೆಗಳೇ ಬಂದವು. ಕಂಪನಿ ನಾಟಕದಲ್ಲಿ ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ ಒಂದರ ಹಿಂದೊಂದು ಇಳಿಯುತ್ತವೆ. ಪರದೆ ಇಳಿದ ಮಾತ್ರಕ್ಕೆ ಅಲ್ಲಿ ಕಾಡು ಹುಟ್ಟುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರು ರಾಗ ಎತ್ತಿಕೊಡಬೇಕು, ನಟ ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಅದನ್ನು ಹಿಡಿದಿಡಬೇಕು, ಜನ ಒನ್ಸ್‌ಮೋರ್ ಎಂದರೆ ಮತ್ತೆ ಮೊದಲಿನಿಂದ ಎತ್ತಬೇಕು. ಬಾಲ್ಯದಲ್ಲಿ ಇದೇ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ರಂಗಸಂಗೀತಕ್ಕೆ ಹೊಸ ಕಿವಿಯನ್ನೇ ಕೊಟ್ಟರು. ಕೈಗೆ ಸಿಕ್ಕ ವಸ್ತುವಿನ ಸದ್ದೂ ಅವರಿಗೆ ಸಂಗೀತವೇ ಆಗಿತ್ತು. ಸನ್ನಿವೇಶಕ್ಕೆ ಬೇಕಾದ ದನಿ ಯಾವುದೋ ಅದೇ ವಾದ್ಯ ಎಂಬ ಅವರ ನಂಬಿಕೆಯೇ ಇಂದು ಗೇಮಿಗೆ ಸದ್ದು ಕಟ್ಟುವವರ ನಂಬಿಕೆ ಕೂಡ.

ಅವರು ಕಟ್ಟುವುದನ್ನು ಅಡಿಪಾಯದಿಂದ ನೋಡೋಣ. ಮೊದಲ ಪದರ ಜಾಗದ ಉಸಿರು. ಮರಳೂರು ಕೆರೆಯ ಪಕ್ಕ ರಾತ್ರಿ ಹತ್ತಕ್ಕೆ ನಿಂತರೆ ಕಪ್ಪೆಗಳ ವಟಗುಟ್ಟುವಿಕೆ, ಕುಣಿಗಲ್ ರಸ್ತೆಯ ಲಾರಿಯ ಎಳೆತ, ಎಲ್ಲೋ ಒಂದು ನಾಯಿ, ಇವೆಲ್ಲ ಸೇರಿ ಇದು ಮರಳೂರು ಎನ್ನುತ್ತವೆ. ಗೇಮಿನಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಇಡುತ್ತಾರೆ. ಗಾಳಿ ಎಲ್ಲ ಕಡೆಯಿಂದ ಬರಬೇಕು, ನೀರಿನ ಸದ್ದು ನೀರಿನ ದಿಕ್ಕಿನಿಂದಲೇ ಬರಬೇಕು, ಹಕ್ಕಿ ಒಮ್ಮೆ ಕೂಗಿದ ಕೊಂಬೆಯಿಂದ ಅದೇ ಕೂಗು ಎರಡನೆಯ ಸಲ ಬಂದರೆ ಮೋಸ ಗೊತ್ತಾಗಿಬಿಡುತ್ತದೆ. ಹಾಗಾಗಿ ಒಂದು ಹೆಜ್ಜೆಸದ್ದಿಗೇ ಹಲವು ಧ್ವನಿಮುದ್ರಣ ಬೇಕು. ಮಣ್ಣಿನ ಮೇಲೆ ಒಂದು ಕಟ್ಟು, ಕಲ್ಲಿನ ಮೇಲೆ ಒಂದು, ಒಣಗಿದೆಲೆಯ ಮೇಲೆ ಇನ್ನೊಂದು. ಗಣಕ ಪ್ರತಿ ಹೆಜ್ಜೆಗೂ ಅದರಲ್ಲಿ ಒಂದನ್ನು ಆರಿಸಿ, ಸ್ವರವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ನುಡಿಸುತ್ತದೆ.

ಎರಡನೆಯದು ಗೋಡೆಗಳ ಮಾತು. ಕಲ್ಲಿನ ನವರಂಗದಲ್ಲಿ ಆಡಿದ ಮಾತು ಕಂಬಕಂಬಕ್ಕೆ ತಾಕಿ ತಡವಾಗಿ ಹಿಂತಿರುಗುತ್ತದೆ. ಹುಲ್ಲಿನ ಬಯಲಿನಲ್ಲಿ ಆಡಿದ್ದು ಹೋದದ್ದೇ ಹೋಯಿತು. ಈ ಅನುರಣನವನ್ನು ಸೆರೆ ಹಿಡಿಯಲು ಧ್ವನಿ ತಂತ್ರಜ್ಞರು ನಿಜವಾದ ಗುಹೆ, ಹಜಾರಗಳಿಗೆ ಹೋಗಿ ಬಲೂನು ಒಡೆದು, ಆ ಸದ್ದು ಸಾಯುವವರೆಗೆ ಮುದ್ರಿಸಿಕೊಳ್ಳುತ್ತಾರೆ. ಆಮೇಲೆ ಆ ಬಾಲವನ್ನು ಗಣಕದಲ್ಲಿ ಬೇರೆ ಯಾವ ಸದ್ದಿಗೆ ಬೇಕಾದರೂ ಅಂಟಿಸಬಹುದು. ಆಟದ ಪಾತ್ರ ಹೊಸ್ತಿಲು ದಾಟಿದ ಕ್ಷಣ ಅವನ ಹೆಜ್ಜೆಗೆ, ಉಸಿರಿಗೆ, ಮಾತಿಗೆ ಆ ಬಾಲ ಹತ್ತಿಕೊಳ್ಳುತ್ತದೆ. ಒಳಗೆ ಬಂದೆ ಎಂದು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ.

ಇವುಗಳ ಮೇಲೆ ಬರುವುದು ಸಂಗೀತ. 1978ರ ಸ್ಪೇಸ್ ಇನ್‌ವೇಡರ್ಸ್‌ನಲ್ಲಿ ಇದ್ದದ್ದು ನಾಲ್ಕೇ ಸ್ವರ. ಮೇಲಿನಿಂದ ಶತ್ರುಗಳು ಕೆಳಗಿಳಿದಂತೆ ಆ ನಾಲ್ಕು ಸ್ವರದ ಲಯ ಚುರುಕಾಗುತ್ತಿತ್ತು, ಆಡುವವರ ಎದೆಬಡಿತವೂ ಅದರ ಜೊತೆಗೇ ಏರುತ್ತಿತ್ತು. ಆಟದ ಸ್ಥಿತಿ ನೋಡಿಕೊಂಡು ಸಂಗೀತ ತನ್ನ ನಡಿಗೆ ಬದಲಿಸಬಹುದೆಂಬ ಬೀಜ ಅಲ್ಲೇ ಇದೆ. 1991ರಲ್ಲಿ ಮಂಕಿ ಐಲ್ಯಾಂಡ್ ಸರಣಿಯ ಎರಡನೆಯ ಆಟಕ್ಕೆ ಮೈಕಲ್ ಲ್ಯಾಂಡ್, ಪೀಟರ್ ಮೆಕಾನೆಲ್ ಸೇರಿ ರೂಪಿಸಿದ ಐಮ್ಯೂಸ್ ಎಂಬ ವ್ಯವಸ್ಥೆಯಲ್ಲಿ ಅದು ಗಿಡವಾಗಿ ಎದ್ದಿತು. ಆ ಆಟದಲ್ಲಿ ಹಳೆಯ ಹಡಗುಗಳಿಂದಲೇ ಕಟ್ಟಿದ ಒಂದು ಊರಿದೆ. ಬೀದಿಯಲ್ಲಿ ಒಂದು ಧಾಟಿ ನುಡಿಯುತ್ತದೆ. ಒಂದು ಮನೆಯೊಳಗೆ ಹೋದರೆ ಅದೇ ಧಾಟಿಗೆ ಆ ಮನೆಯವನ ವಾದ್ಯ ಸೇರುತ್ತದೆ. ಹೊರಗೆ ಬಂದರೆ ಸಂಗೀತ ತುಂಡಾಗುವುದಿಲ್ಲ, ತಾಳ ತಪ್ಪದೆ ಒಂದು ಸಣ್ಣ ಮುಕ್ತಾಯ ಕೊಟ್ಟು ಬೀದಿಗೆ ಮರಳುತ್ತದೆ. ಅಲ್ಲಿ ಓಡಾಡಿದವರಿಗೆ ಮನೆಮನೆಯೂ ಕಿವಿಯಲ್ಲಿ ಉಳಿಯಿತು.

1998ರ ಬ್ಯಾಂಜೊ-ಕಝೂಯಿಯಲ್ಲಿ ಗ್ರಾಂಟ್ ಕರ್ಕ್‌ಹೋಪ್ ಇದನ್ನು ಇನ್ನಷ್ಟು ಸರಾಗ ಮಾಡಿದರು. ಮಾಟಗಾತಿಯ ಕೋಟೆಯೊಳಗೆ ಒಂದೇ ರಾಗ, ಅದರ ಒಂದೊಂದು ಬಾಗಿಲ ಹಿಂದೆ ಒಂದೊಂದು ಲೋಕ. ಯಾವ ಬಾಗಿಲಿಗೆ ಹತ್ತಿರವಾಗುತ್ತೇವೋ ರಾಗ ಆ ಲೋಕದ ವಾದ್ಯಕ್ಕೆ ಜಾರುತ್ತದೆ. ಬಾಗಿಲು ಕಾಣುವ ಮೊದಲೇ ಅದರಾಚೆಯ ಹವೆ ತಾಕುತ್ತದೆ.

ನಮ್ಮ ಸಂಗೀತ ಕೇಳುವವರಿಗೆ ತಕ್ಷಣ ಅರ್ಥವಾಗುವ ಇನ್ನೊಂದು ಉಪಾಯ 2010ರ ರೆಡ್ ಡೆಡ್ ರಿಡೆಂಪ್ಶನ್‌ನಲ್ಲಿದೆ. ಅಮೆರಿಕದ ಬಯಲುಸೀಮೆಯ ಕುದುರೆ ಸವಾರನ ಕಥೆ ಅದು. ಸಂಯೋಜಕರಾದ ಬಿಲ್ ಎಲ್ಮ್ ಮತ್ತು ವುಡಿ ಜಾಕ್ಸನ್ ಅದರ ಹಿನ್ನೆಲೆ ಸಂಗೀತವನ್ನು ಒಂದೇ ಶ್ರುತಿಗೆ, ನಿಮಿಷಕ್ಕೆ 130 ಬಡಿತದ ಒಂದೇ ಲಯಕ್ಕೆ ಕಟ್ಟಿದರು. ತಂಬೂರಿ ಹಿಡಿದ ಆಧಾರದ ಮೇಲೆ ಯಾವ ಸ್ವರ ಯಾವಾಗ ಬಂದರೂ ಹೊಂದುವಂತೆ, ಅಲ್ಲಿಯೂ ಒಂದು ಎಳೆಯ ಮೇಲೆ ಇನ್ನೊಂದನ್ನು ಯಾವ ಗಳಿಗೆಯಲ್ಲಾದರೂ ಇಡಬಹುದು. ಒಬ್ಬನೇ ಕುದುರೆ ನಡೆಸುತ್ತಿದ್ದರೆ ಒಂದು ತಂತಿ ಮಾತ್ರ ಮಿಡಿಯುತ್ತದೆ. ನಾಗಾಲೋಟಕ್ಕೆ ಬಿದ್ದರೆ ತಾಳವಾದ್ಯ ಸೇರುತ್ತದೆ, ಗುಂಡು ಹಾರಿದರೆ ಉಳಿದದ್ದೂ ಏರುತ್ತದೆ, ಅಪಾಯ ಕಳೆದ ಮೇಲೆ ಒಂದೊಂದೇ ಇಳಿದು ಮತ್ತೆ ಆ ಒಂಟಿ ತಂತಿ ಉಳಿಯುತ್ತದೆ. ಎಲ್ಲೂ ಹೊಲಿಗೆ ಕಾಣದು.

ಇಷ್ಟೆಲ್ಲ ತಿಳಿದವರು ಮೌನವನ್ನೂ ಕಲಿತರು. ಮೈನ್‌ಕ್ರಾಫ್ಟ್‌ಗೆ ಸಿ418 ಎಂಬ ಹೆಸರಿನ ಜರ್ಮನಿಯ ಸಂಯೋಜಕ ಡೇನಿಯಲ್ ರೋಸೆನ್‌ಫೆಲ್ಡ್ ಮಾಡಿದ ಸಂಗೀತ ಸದಾ ನುಡಿಯುವುದಿಲ್ಲ. ನಿಮಿಷಗಟ್ಟಲೆ ಬರೀ ಗುದ್ದಲಿಯ ಸದ್ದು, ಕುರಿಯ ಕೂಗು. ಹುಡುಗ ತನ್ನ ಪಾಡಿಗೆ ಕಲ್ಲು ಜೋಡಿಸುತ್ತಿರುವಾಗ ಎಲ್ಲಿಂದಲೋ ಪಿಯಾನೊ ಮೆಲ್ಲಗೆ ಬಂದು, ಸ್ವಲ್ಪ ಹೊತ್ತಿದ್ದು, ಹೊರಟುಹೋಗುತ್ತದೆ. ಅದು ಬಂದಾಗ ಅವನು ಕಟ್ಟುತ್ತಿದ್ದ ಗೋಡೆ, ಮೂಡುತ್ತಿದ್ದ ಬೆಳಕು, ಆ ಮಧ್ಯಾಹ್ನ, ಎಲ್ಲ ಒಟ್ಟಿಗೆ ನೆನಪಿಗೆ ಇಳಿಯುತ್ತವೆ. ಬೇಸಿಗೆ ಮಳೆಯ ಮೊದಲ ಹನಿ ಬಿದ್ದಾಗ ನಾವು ಎಲ್ಲಿ ನಿಂತಿದ್ದೆವು ಎಂಬುದು ಮರೆಯದಿರುವಂತೆ. 2017ರ ಜೆಲ್ಡಾ ಆಟದ ವಿಶಾಲ ಬಯಲಿನಲ್ಲೂ ಇದೇ ಬಗೆಯ ಬಿಡಿಬಿಡಿ ಪಿಯಾನೊ ಇದೆ. ರಾಜ್ಯವೊಂದು ಪಾಳು ಬಿದ್ದಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ, ಸ್ವರಗಳ ನಡುವಿನ ಬಿಡುವೇ ಸಾಕು.

ಮನಸ್ಸು ತುಂಬಿ ಬರುವುದು ಕೊರತೆಯನ್ನೇ ಕಲೆಯಾಗಿಸಿದವರನ್ನು ನೆನೆದಾಗ. 1994ರ ಡಾಂಕಿ ಕಾಂಗ್ ಕಂಟ್ರಿ ಓಡುತ್ತಿದ್ದ ಯಂತ್ರದಲ್ಲಿ ಸದ್ದಿಗೆಂದು ಇದ್ದ ಜಾಗ 64 ಕಿಲೋಬೈಟ್. ಇಂದು ಫೋನಿನಲ್ಲಿ ಕಳಿಸುವ ಒಂದು ಸಾಧಾರಣ ಚಿತ್ರಕ್ಕೂ ಅದು ಸಾಲದು. ಅಷ್ಟರಲ್ಲೇ ಡೇವಿಡ್ ವೈಸ್ ನೀರಿನಾಳದ ಒಂದು ಸಂಗೀತ ಕಟ್ಟಿದರು. ಚಿಕ್ಕ ಚಿಕ್ಕ ಅಲೆಗಳನ್ನು ಒಂದರ ಕೊರಳಿಗೆ ಇನ್ನೊಂದನ್ನು ಪೋಣಿಸಿ, ಒಂದು ಇಂಗುವಾಗ ಮತ್ತೊಂದು ಏಳುವಂತೆ ಮಾಡಿದರು. ಆಡಿದವರಿಗೆ ಇಂದಿಗೂ ಆ ನೀರು ನೆನಪಿದೆ. 1999ರ ಸೈಲೆಂಟ್ ಹಿಲ್ ಮಾಡಿದವರ ಕಷ್ಟ ಬೇರೆ. ದೂರದ ಬೀದಿಗಳನ್ನು ಚಿತ್ರಿಸುವ ಬಲ ಆಗಿನ ಯಂತ್ರಕ್ಕಿರಲಿಲ್ಲ. ಅವರು ಊರಿನ ಮೇಲೆ ಮಂಜು ಹೊದಿಸಿದರು. ಕಣ್ಣಿಗೆ ಕಾಣದ್ದನ್ನು ಕಿವಿಗೆ ಒಪ್ಪಿಸಿದರು: ಜೇಬಿನ ರೇಡಿಯೊ ಕರಕರ ಎಂದರೆ ಮಂಜಿನಾಚೆ ಏನೋ ಬರುತ್ತಿದೆ. ಅಕಿರಾ ಯಮಾವೊಕಾ ಅವರ ಲೋಹ ಉಜ್ಜಿದಂಥ ಸಂಗೀತ ಅದಕ್ಕೆ ಸೇರಿ, ಆ ಊರು ಹೆದರಿಕೆಗೆ ಇನ್ನೊಂದು ಹೆಸರಾಯಿತು.

ಇನ್ನು ನಮ್ಮ ನಡುಮನೆಯ ಆ ಕಣಿವೆ. ಅದು 2017ರ ಆಗಸ್ಟಿನಲ್ಲಿ ಬಂದ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ'. ನಾಟಿ ಡಾಗ್ ಎಂಬ ಅಮೆರಿಕದ ಸಂಸ್ಥೆಯದು, ಸಂಗೀತ ಹೆನ್ರಿ ಜಾಕ್‌ಮನ್ ಅವರದು. ಕ್ಲೋಯಿ, ನಡೀನ್ ಎಂಬ ಇಬ್ಬರು ಹೆಂಗಸರು ಗಣೇಶನ ದಂತವೊಂದನ್ನು ಹುಡುಕುತ್ತಾ ಬರುವುದು ನಮ್ಮ ಪಶ್ಚಿಮ ಘಟ್ಟಕ್ಕೆ, ಹೊಯ್ಸಳರ ನಾಡಿಗೆ. ಹಳೇಬೀಡು, ಬೇಲೂರು ಎಂಬ ಹೆಸರುಗಳೇ ಅದರಲ್ಲಿವೆ, ಜಾಗಗಳು ಮಾತ್ರ ಕಲ್ಪನೆಯವು. ಕಣಿವೆಯಲ್ಲಿ ಜೀಪು ಓಡಿಸುವಾಗ ಕೇಳುವುದು ಎಂಜಿನ್ನು, ಕೆಸರು, ಜಲಪಾತ, ಹಕ್ಕಿ. ಕಾದಾಟ ಬಂದಾಗ ಸಂಗೀತ ಮೇಲೇಳುತ್ತದೆ. ಮುಂದೆ ಒಂದು ಕಡೆ ಇಬ್ಬರೂ ಸಿಕ್ಕಿಬಿದ್ದ ಆನೆಯೊಂದನ್ನು ಬಿಡಿಸಿ ಅದರ ಬೆನ್ನೇರುತ್ತಾರೆ. ಅಲ್ಲಿ ಆಡುವವನಿಗೆ ಮಾಡಲು ಹೆಚ್ಚೇನೂ ಇಲ್ಲ. ಆನೆಯ ನಡಿಗೆಗೆ ಒಪ್ಪಿಸಿಕೊಂಡು ಹಸಿರನ್ನು ನೋಡುತ್ತಾ ಹೋಗುವುದಷ್ಟೆ. ಅಷ್ಟೊಂದು ಗುಂಡಿನ ಸದ್ದಿನ ಆಟದಲ್ಲಿ ತಂಗಿಯ ಮಗನಿಗೆ ಬಹಳ ಕಾಲ ಉಳಿದದ್ದು ಆ ನಿಧಾನದ ದಾರಿ.

ಆ ಆಟ ನೋಡುವಾಗ ನನಗೊಂದು ಆಸೆ ಮೂಡಿತು. ಅದರ ಬೇಲೂರು ಕಾಡಿನಲ್ಲಿ ಕಳೆದುಹೋದ ಊರು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ನಿಜವಾದ ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ದಿನವೂ ಪೂಜೆ ಇದೆ. ಆ ಗಂಟೆ, ಪ್ರಾಕಾರದ ಹಾಸುಗಲ್ಲಿನ ಮೇಲೆ ಬರಿಗಾಲು, ಗೋಪುರದ ಪಾರಿವಾಳ, ಇವುಗಳ ಸದ್ದನ್ನು ಬಲ್ಲವರು ನಾವು. ಪುಣೆಯ ತಂಡವೊಂದು 2020ರಲ್ಲಿ 'ರಾಜಿ' ಎಂಬ ಆಟ ಮಾಡಿ, ನಮ್ಮ ಪುರಾಣದ ಲೋಕವನ್ನು ಇಲ್ಲಿಯವರೇ ಕಟ್ಟಬಹುದೆಂದು ತೋರಿಸಿದೆ. ಮುಖವೀಣೆಯ ತೀಕ್ಷ್ಣ ದನಿ, ಕೋಡಿ ಬಿದ್ದ ಕೆರೆಯ ಮೊರೆತ, ರಾಗಿ ಹೊಲದ ಮೇಲಿನ ಗಾಳಿ, ಇವುಗಳಿಂದ ಕಟ್ಟಿದ ಒಂದು ಊರು ಯಾವುದಾದರೂ ಆಟದಲ್ಲಿ ಬರಲಿ. ಕುಣಿಗಲ್ ಕೆರೆಗೆ ಹಾಡು ಮಾಡಿದ ಉಪಕಾರವನ್ನು ಇನ್ನೊಂದು ಕೆರೆಗೆ ಆ ಆಟ ಮಾಡಲಿ.

ರಜೆ ಮುಗಿಯುವ ಮುನ್ನ ಅವನನ್ನು ಕೈದಾಳಕ್ಕೆ ಕರೆದುಕೊಂಡು ಹೋದೆ. ಮರಳೂರಿನಿಂದ ಗೂಳೂರಿನ ಕಡೆಗೆ ಸ್ವಲ್ಪ ದೂರ ಅಷ್ಟೆ. ಹೊಯ್ಸಳರ ಕಾಲದ ಚೆನ್ನಕೇಶವನ ಗುಡಿ, ಶಿಲ್ಪಿ ಜಕಣಾಚಾರಿಗೆ ಕಳೆದುಕೊಂಡ ಕೈ ಮರಳಿ ಬಂದ ಐತಿಹ್ಯದ ಊರು. ಮಂಗಳಾರತಿ ಆಯಿತು, ಗಂಟೆ ನಿಂತಿತು, ನಾವೆಲ್ಲ ಹೊರಗೆ ಬಂದೆವು. ಅವನು ಮಾತ್ರ ಕಂಬದ ಪಕ್ಕ ಕೈಮುಗಿದುಕೊಂಡೇ ನಿಂತಿದ್ದ. ಆಮೇಲೆ ಬಂದವನನ್ನು ಏನು ಬೇಡಿಕೊಂಡೆ ಎಂದು ಕೇಳಿದೆ.

"ಏನಿಲ್ಲ ಮಾವ. ಗಂಟೆ ನಿಂತರೂ ಸದ್ದು ಇನ್ನೂ ಒಳಗೇ ಓಡಾಡ್ತಿತ್ತು. ಅದು ಪೂರ್ತಿ ಮುಗೀಲಿ ಅಂತ ಕಾಯ್ತಿದ್ದೆ" ಅಂದ.